ಅಳೆಯುವವರನ್ನೂ ಅಳೆಯಿರಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಿಗೆ, ಶಾಲೆಗೆ ಹೋಗುವ ಮಕ್ಕಳಿರುವ ಎಲ್ಲ ಮನೆಯವರಿಗೆ,

ನಮಸ್ಕಾರಗಳು.

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಆಗಿದ್ದೇನೆ. ಇಲಾಖೆಯ ಹೊರಗಿನವರಿಗೆ ತಿಳಿಯುವಂತೆ ಹೇಳುವುದಾದರೆ, ತಾಲ್ಲೂಕಿನ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯವುಳ್ಳ ಮಕ್ಕಳ ಹೊಣೆ ಹೊತ್ತ ಸಂಪನ್ಮೂಲ ಶಿಕ್ಷಕಿ. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಪತ್ರದಲ್ಲಿ ನಾನು ಕೇಳುವುದು ಒಂದೇ ಸಂಗತಿ. ಮಗುವನ್ನು ಮುಂದೆ ಕೂರಿಸಿಕೊಂಡು ಪರೀಕ್ಷಿಸಿ, ಇದಕ್ಕೆ ಇಂಥ ತೊಂದರೆ, ಇಷ್ಟು ತೊಂದರೆ ಎಂದು ಬರೆದುಕೊಡುವವರಿಗೆ ಆ ಕೆಲಸಕ್ಕೆಂದೇ ತರಬೇತಿ ಆಗಿರಬೇಕು, ಆ ಕೆಲಸಕ್ಕೆಂದೇ ಅರ್ಹತಾ ಪತ್ರ ಇರಬೇಕು. ಏಕೆ ಕೇಳುತ್ತಿದ್ದೇನೆ ಎಂಬುದು ಅರ್ಥವಾಗಬೇಕಾದರೆ ಒಬ್ಬ ಹುಡುಗನ ವಿಷಯ ಹೇಳಬೇಕು. ಅದರಲ್ಲಿ ತಪ್ಪು ಮಾಡಿದವಳು ನಾನು.

ಆರು ವರ್ಷಗಳ ಹಿಂದಿನ ಜುಲೈ. ನಾಲ್ಕು ದಿನಗಳಿಂದ ಜಿಟಿಜಿಟಿ ಮಳೆ. ತಾಲ್ಲೂಕು ಕೇಂದ್ರದ ಶಾಲೆಯೊಂದರಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆದಿತ್ತು. ಒಂದೊಂದು ಕೊಠಡಿಯ ಬಾಗಿಲಿಗೆ ಒಂದೊಂದು ಚೀಟಿ: ಕಣ್ಣು, ಕಿವಿ, ಮೂಳೆ, ಬುದ್ಧಿ. ಬುದ್ಧಿ ಎಂದು ಚೀಟಿ ಅಂಟಿಸಿದ ಕೊಠಡಿಗೆ ಬರಬೇಕಿದ್ದ ಮನಶ್ಶಾಸ್ತ್ರಜ್ಞರು ಬರಲಿಲ್ಲ. ಹೊರಗೆ ಜಗಲಿಯ ಉದ್ದಕ್ಕೂ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು. ಒಂದು ದಿನದ ಕೂಲಿ ಬಿಟ್ಟು ಬಂದವರು, ಸಂಜೆಯ ಬಸ್ಸು ತಪ್ಪಿದರೆ ಊರು ಸೇರಲಾಗದವರು. ಶಿಬಿರ ನಡೆಸುತ್ತಿದ್ದವರು "ಪರೀಕ್ಷೆಯ ಪೆಟ್ಟಿಗೆ ಇಲ್ಲೇ ಇದೆ, ನೀವೇ ಮುಗಿಸಿಬಿಡಿ ಮೇಡಂ, ಡಾಕ್ಟರು ಸಹಿ ಹಾಕುತ್ತಾರೆ" ಎಂದರು. ಅಷ್ಟು ಜನರನ್ನು ಬರಿಗೈಯಲ್ಲಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ಕುಳಿತೆ.

ಪೆಟ್ಟಿಗೆಯಲ್ಲಿದ್ದದ್ದು ಸೆಗಿನ್ ಫಾರ್ಮ್ ಬೋರ್ಡ್. ಮರದ ಹಲಗೆ, ಅದರಲ್ಲಿ ಕೊರೆದ ಹತ್ತು ಗುಳಿಗಳು, ಅವುಗಳಲ್ಲಿ ಕೂರುವ ಹತ್ತು ತುಂಡುಗಳು. ವೃತ್ತ, ಚೌಕ, ಅರ್ಧಚಂದ್ರ, ನಕ್ಷತ್ರ ಹೀಗೆ. ಮಗು ಎಷ್ಟು ಬೇಗ ಎಲ್ಲವನ್ನೂ ತಕ್ಕ ಗುಳಿಯಲ್ಲಿ ಇಡುತ್ತದೆ ಎಂದು ನೋಡಬೇಕು. ಮೂರು ಸಲ ಮಾಡಿಸಿ, ಅದರಲ್ಲಿ ಅತಿ ಕಡಿಮೆ ಹೊತ್ತು ಹಿಡಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಹುಡುಗ ಮೂರನೇ ತರಗತಿಯವನು, ಲಂಬಾಣಿ ತಾಂಡಾದಿಂದ ಬಂದವನು. ಅವನಿಂದ ನಾನು ಮಾಡಿಸಿದ್ದು ಒಂದೇ ಸಲ, ಏಕೆಂದರೆ ಹೊರಗೆ ಸಾಲು ಬೆಳೆಯುತ್ತಿತ್ತು. ಒಂಬತ್ತು ತುಂಡುಗಳನ್ನು ಅವನು ಸರಸರನೆ ಇಟ್ಟ. ನಕ್ಷತ್ರ ಕೂರಲಿಲ್ಲ. ತಿರುಗಿಸಿದ, ಒತ್ತಿದ, ತೆಗೆದು ಮತ್ತೆ ಇಟ್ಟ, ಅಂಗೈಯಿಂದ ಗುದ್ದಿದ. ಆಮೇಲೆ ಕೈ ಹಿಂದೆಗೆದು ನನ್ನ ಮುಖ ನೋಡಿದ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಬಳಿಕ ತಾಯಿಗೆ ವೈನ್‌ಲ್ಯಾಂಡ್ ಮಾಪನದ ಪ್ರಶ್ನೆಗಳು: ತಾನೇ ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತಾನೆಯೇ. ಆಕೆಗೆ ನನ್ನ ಪ್ರಶ್ನೆಗಳು ಅರ್ಧ ಅರ್ಥವಾಗುತ್ತಿದ್ದವು. ಅರ್ಥವಾಗದ ಕಡೆ ಹೆದರಿ "ಇಲ್ಲ" ಎನ್ನುತ್ತಿದ್ದಳು. ಎಲ್ಲ ಸೇರಿ ಹದಿನೈದು ನಿಮಿಷ. ಅಂಕ 62 ಬಂತು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ 55ರಿಂದ 69ರವರೆಗಿನ ಅಂಕವೆಂದರೆ ಸೌಮ್ಯ ಪ್ರಮಾಣದ ಬೌದ್ಧಿಕ ವೈಕಲ್ಯ, ಶೇಕಡಾ 50. ಫಾರಂ ತುಂಬಿದೆ. ಸಹಿಯಾಯಿತು.

ಸಂಜೆ ಸಾಮಾನುಗಳನ್ನು ಪೆಟ್ಟಿಗೆಗೆ ಜೋಡಿಸುವಾಗ ಆ ನಕ್ಷತ್ರ ನನ್ನ ಕೈಯಲ್ಲೂ ಗುಳಿಗೆ ಇಳಿಯಲಿಲ್ಲ. ಮಳೆಗಾಲದ ತೇವಕ್ಕೆ ಮರ ಉಬ್ಬಿತ್ತು.

ಎದುರಿಗಿದ್ದವರಿಗೆ ಹೇಳಿದೆ. "ಒಂದು ತುಂಡಿನಿಂದ ಏನು ವ್ಯತ್ಯಾಸವಾಗುತ್ತದೆ, ಬಿಡಿ" ಎಂದರು. ನಾನು ಬಿಟ್ಟೆ. ಅದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಆ ಹುಡುಗನಿಗೆ ಮುಂದೆ ಆದದ್ದನ್ನು ಕೇಳಿ. ಶಾಲೆಯಲ್ಲಿ ಅವನ ಹೆಸರು ಬೇರೆ ಪಟ್ಟಿಗೆ ಹೋಯಿತು. ಅವನ ಮೇಷ್ಟ್ರು ಕೆಟ್ಟವರಲ್ಲ. ಪಾಪ, ಇವನಿಗೆ ತೊಂದರೆ ಕೊಡುವುದು ಬೇಡ ಎಂಬ ಕನಿಕರದಿಂದಲೇ ಓದಲು ಎಬ್ಬಿಸುವುದನ್ನು ನಿಲ್ಲಿಸಿದರು. ಮಗ್ಗಿ ಕೇಳುವುದನ್ನು ನಿಲ್ಲಿಸಿದರು. ಅವನು ಹಿಂದಿನ ಸಾಲಿನಲ್ಲಿ ಚಿತ್ರ ಬಿಡಿಸುತ್ತ ಕುಳಿತ. ಮರುವರ್ಷ ಕೋವಿಡ್ ಬಂದು ಶಾಲೆಗಳೇ ಮುಚ್ಚಿದವು. ಮತ್ತೆ ತೆರೆದಾಗ ಅವನು ಐದನೇ ತರಗತಿ. ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಅವನ ದಿಂಬಿನಂಥ ಮಫ್ಲರಿನಲ್ಲಿ ಕೀವಿನ ಕಲೆ ನೋಡಿ ತಾಯಿಯನ್ನು ಕರೆಸಿದರು. ಎರಡೂ ಕಿವಿ ಸೋರುತ್ತಿದ್ದವು, ಎಷ್ಟೋ ವರ್ಷಗಳಿಂದ. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ನಷ್ಟ ಕಂಡುಬಂತು. ಶಿಬಿರದ ದಿನ ಕಿವಿಯ ಕೊಠಡಿಯ ಮುಂದೆ ಸಾಲು ಉದ್ದವಿದ್ದುದರಿಂದ ಅವನು ಮೊದಲು ನನ್ನ ಕೊಠಡಿಗೆ ಬಂದಿದ್ದ. ಅಲ್ಲಿಗೆ ಮತ್ತೆ ಹೋಗಲೇ ಇಲ್ಲ.

ಅವನು ಈಗ ಒಂಬತ್ತನೇ ತರಗತಿ. ಚಿಕಿತ್ಸೆಯಾಯಿತು, ಶ್ರವಣ ಸಾಧನ ಬಂತು, ನಾನೂ ಆ ಶಿಕ್ಷಕಿಯೂ ವಾರಕ್ಕೆ ಎರಡು ಸಂಜೆ ಕುಳಿತು ಕಾಗುಣಿತದಿಂದ ಮೊದಲುಮಾಡಿ ಓದಿಸಿದೆವು. ಓದುತ್ತಾನೆ, ನಿಧಾನವಾಗಿ. ಲೆಕ್ಕದಲ್ಲಿ ತರಗತಿಯ ಅರ್ಧ ಮಕ್ಕಳಿಗಿಂತ ಮುಂದಿದ್ದಾನೆ. ಆದರೆ ಮೂರು, ನಾಲ್ಕನೇ ತರಗತಿಗಳು ಅವನ ಪಾಲಿಗೆ ಹೋದದ್ದು ಹೋದವೇ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಅವನ ಯುಡಿಐಡಿ ಕಾರ್ಡಿನಲ್ಲಿ ಇವತ್ತಿಗೂ ಬೌದ್ಧಿಕ ವೈಕಲ್ಯ, ಶೇಕಡಾ 50 ಎಂದೇ ಇದೆ. ಆ ಕಾರ್ಡಿನ ಮೇಲೆ ಮನೆಗೆ ಮಾಸಾಶನ ಬರುತ್ತದೆ. ಅದನ್ನು ತಿದ್ದಿಸಿ ಎಂದು ಆ ತಾಯಿಗೆ ಹೇಳುವ ಬಾಯಿ ನನಗಿಲ್ಲ.

ಮಾನ್ಯ ಸಚಿವರೇ, ಆ ದಿನ ನಾನು ಕಾನೂನಿನ ಕಣ್ಣಿನಲ್ಲಿ ಅನರ್ಹಳಾಗಿರಲಿಲ್ಲ ಎಂಬುದೇ ಈ ಪತ್ರದ ತಿರುಳು. ನಾನು ವಿಶೇಷ ಶಿಕ್ಷಣದಲ್ಲಿ ಬಿ.ಇಡಿ. ಮಾಡಿದ್ದೇನೆ. ಆರ್‌ಸಿಐ ಎಂದು ಎಲ್ಲರೂ ಕರೆಯುವ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ನನ್ನ ಹೆಸರಿದೆ, ಸಿಆರ್‌ಆರ್ ಸಂಖ್ಯೆ ಇದೆ. ಐದು ವರ್ಷಕ್ಕೊಮ್ಮೆ ತಪ್ಪದೆ ನವೀಕರಣ ಮಾಡಿಸಿದ್ದೇನೆ. 1992ರ ಆರ್‌ಸಿಐ ಕಾಯಿದೆಯ 13ನೇ ಕಲಮು ಬಲು ಕಟ್ಟುನಿಟ್ಟಾದದ್ದು. ನೋಂದಣಿ ಇಲ್ಲದವರು ಪುನರ್ವಸತಿ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೇಲಿ ಗಟ್ಟಿಯಾಗಿಯೇ ಇದೆ. ಆದರೆ ಬೇಲಿಯ ಒಳಗೆ ಬಂದವರು ಯಾವ ಪರೀಕ್ಷೆಯನ್ನು ಎಷ್ಟು ಬಲ್ಲರು ಎಂದು ಕೇಳುವವರಿಲ್ಲ. ಪರಿಷತ್ತು ಗುರುತಿಸುವುದು ಹದಿನಾರು ಬಗೆಯ ವೃತ್ತಿಪರರನ್ನು. ಅದರಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿದ್ದಾರೆ, ಪುನರ್ವಸತಿ ಮನಶ್ಶಾಸ್ತ್ರಜ್ಞರಿದ್ದಾರೆ, ವಾಕ್ ಶ್ರವಣ ತಜ್ಞರಿದ್ದಾರೆ, ಶ್ರವಣ ಸಾಧನದ ತಂತ್ರಜ್ಞರಿದ್ದಾರೆ, ವಿಶೇಷ ಶಿಕ್ಷಕರಿದ್ದಾರೆ. ಶಾಲೆಯಲ್ಲಿ ಕುಳಿತು ಮಗುವಿನ ಕಲಿಕೆಯನ್ನು ಮೌಲ್ಯಾಂಕನ ಮಾಡುವ ತಜ್ಞ ಎಂಬ ಬಗೆ ಇಲ್ಲ. ಇಲ್ಲದ ಹುದ್ದೆಯ ಕೆಲಸವನ್ನು ಇರುವವರೆಲ್ಲ ಸೇರಿ, ಯಾರಿಗೆ ಬಿಡುವಿದೆಯೋ ಅವರು, ಮಾಡುತ್ತಿದ್ದೇವೆ.

ವಿಶೇಷ ಶಿಕ್ಷಣದ ಪದವಿಯಲ್ಲಿ ಮೌಲ್ಯಾಂಕನದ ಪಾಠ ಇಲ್ಲವೆಂದಲ್ಲ, ಇದೆ. ಮಾಪನಗಳ ಹೆಸರುಗಳನ್ನು, ಅವುಗಳ ಕರ್ತೃಗಳನ್ನು, ಯಾವುದು ಎಷ್ಟು ವಯಸ್ಸಿಗೆ ಎಂಬುದನ್ನು ನಾನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆ. ಆದರೆ ಓದು ಮುಗಿಯುವ ಹೊತ್ತಿಗೆ ಆರಂಭದಿಂದ ವರದಿಯವರೆಗೆ ಪೂರ್ತಿಯಾಗಿ ಮೌಲ್ಯಾಂಕನ ಮಾಡಿದ್ದು ಎರಡೇ ಮಕ್ಕಳನ್ನು. ನಾನು ಮಗುವಿನ ಜೊತೆ ಕುಳಿತಾಗ ಪಕ್ಕದಲ್ಲಿ ಕುಳಿತು ನೋಡಿ, ಇಲ್ಲಿ ಅವಸರ ಮಾಡಿದೆ, ಇಲ್ಲಿ ಸುಳಿವು ಕೊಟ್ಟುಬಿಟ್ಟೆ, ಇಲ್ಲಿ ಮಗು ದಣಿದದ್ದನ್ನು ನೀನು ಗಮನಿಸಲಿಲ್ಲ ಎಂದು ತಿದ್ದಿದವರು ಒಬ್ಬರೂ ಇಲ್ಲ. ಕಾರು ಓಡಿಸುವವನನ್ನು ಕೂಡ ಪಕ್ಕದಲ್ಲಿ ಕುಳಿತು ನೋಡಿಯೇ ಲೈಸೆನ್ಸ್ ಕೊಡುತ್ತೇವಲ್ಲ.

ಈ ಕೆಲಸದ ಸೂಕ್ಷ್ಮ ಯಾವ ಮಟ್ಟದ್ದು ಎಂಬುದಕ್ಕೆ ನನ್ನ ಮೇಜಿನ ಮೇಲಿರುವ ಒಂದು ಉಕ್ತಲೇಖನದ ಹಾಳೆಯನ್ನೇ ತೋರಿಸುತ್ತೇನೆ. ನಾಲ್ಕನೇ ತರಗತಿಯ ಹುಡುಗಿ ಬರೆದದ್ದು. "ಹಾಲು" ಎಂದು ಹೇಳಿದ್ದಕ್ಕೆ "ಆಲು" ಎಂದು ಬರೆದಿದ್ದಾಳೆ. "ಭಾರತ" ಇವಳಲ್ಲಿ "ಬಾರತ". "ಅಕ್ಕ" ಬರೆಯಲು ಹೋಗಿ "ಅಕ". "ಪುಸ್ತಕ" ಎಂಬಲ್ಲಿ "ಪುತಕ", ಇನ್ನೊಂದು ಸಾಲಿನಲ್ಲಿ ಅದೇ ಪದ "ಪುಸಕ". ಕೆಂಪು ಶಾಯಿಯಲ್ಲಿ ನಾಲ್ಕಕ್ಕೂ ಒಂದೇ ಬಗೆಯ ಅಡ್ಡಗೆರೆ ಬಿದ್ದಿದೆ. ಆದರೆ ಇವು ಒಂದೇ ಬಗೆಯ ತಪ್ಪುಗಳಲ್ಲ. ಮೊದಲನೆಯದು ಅವಳ ಮನೆಯ ಮಾತು. ಹಳೆ ಮೈಸೂರಿನ ಕಡೆ ಅನೇಕ ಮನೆಗಳಲ್ಲಿ ಹಾಲು ಆಲೇ. ಎರಡನೆಯದು ಕನ್ನಡಿಗರ ನಾಲಿಗೆಯ ಸಹಜ ಗುಣ. ದಿನದ ಮಾತಿನಲ್ಲಿ ಮಹಾಪ್ರಾಣ ಕೇಳಿಸುವುದೇ ಕಡಿಮೆ. ಅದನ್ನು ಕಣ್ಣಿನಿಂದ ಕಲಿಯಬೇಕೇ ಹೊರತು ಕಿವಿಯಿಂದಲ್ಲ. ಮೂರನೆಯ, ನಾಲ್ಕನೆಯ ತಪ್ಪುಗಳ ಮುಂದೆ ಮಾತ್ರ ನಿಂತು ಯೋಚಿಸಬೇಕು. ಒತ್ತಕ್ಷರ ಬಂದಲ್ಲೆಲ್ಲ ಅವಳು ಮುಗ್ಗರಿಸುತ್ತಾಳೆ, ಅದೂ ಒಂದೊಂದು ಸಲ ಒಂದೊಂದು ರೀತಿ. ಇದು ಕಲಿಕಾ ನ್ಯೂನತೆಯ ಗುರುತೇ? ಇರಬಹುದು. ಒತ್ತಕ್ಷರಗಳನ್ನು ಯಾರೂ ಸರಿಯಾಗಿ ಕಲಿಸಿಲ್ಲದಿರಲೂಬಹುದು.

ಕನ್ನಡದ ಅಕ್ಷರಮಾಲೆ ಇಂಗ್ಲಿಷಿನ 26 ಅಕ್ಷರಗಳಂತಲ್ಲ. ಕಾಗುಣಿತವೂ ಒತ್ತಕ್ಷರವೂ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿಯೇ ತೋರಿಸಿಕೊಟ್ಟಂತೆ, ಈ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿಯವರೆಗೂ ಹರಿದುಬರುವಂಥದ್ದು. ಹಾಗಿದ್ದ ಮೇಲೆ ಇಂಗ್ಲಿಷ್ ಮಕ್ಕಳಿಗೆ ಮಾಡಿದ ಪಟ್ಟಿಯನ್ನು ಕನ್ನಡಕ್ಕೆ ತಂದು, ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದವರಿಗೆಲ್ಲ ಡಿಸ್ಲೆಕ್ಸಿಯಾ, ಅಂದರೆ ಓದಿನ ಕಲಿಕಾ ನ್ಯೂನತೆ, ಇದೆ ಎಂದುಬಿಟ್ಟರೆ ಅದು ಮಗುವಿಗೆ ಮಾಡುವ ಅನ್ಯಾಯ. ಹಾಗೆಯೇ ಆರನೇ ತರಗತಿಯಲ್ಲೂ ಮುಗ್ಗರಿಸುವವಳನ್ನು "ದೊಡ್ಡವಳಾದಂತೆ ಸರಿಹೋಗುತ್ತದೆ" ಎಂದು ಬಿಟ್ಟರೆ ಅದೂ ಅನ್ಯಾಯವೇ. ಈ ಎರಡನ್ನೂ ಬೇರ್ಪಡಿಸಿ ನೋಡಬಲ್ಲ ಕಣ್ಣು ಪದವಿಯ ಜೊತೆಗೆ ತಾನಾಗಿ ಬರುವುದಿಲ್ಲ. ಅದನ್ನು ಕಲಿಸಬೇಕು. ಕಲಿತದ್ದು ನಿಜವೇ ಎಂದು ನೋಡಬೇಕು.

ನಮ್ಮಲ್ಲಿ ಇದಕ್ಕೆ ಬೇಕಾದ ವಿದ್ಯೆ ಇಲ್ಲವೆಂದು ಯಾರೂ ಹೇಳಲಾರರು. 1930ರ ದಶಕದಲ್ಲಿಯೇ ವಿ. ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದರು. ಬಿನೆ-ಕಾಮತ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಭಾರತದ ಭಾಷೆಗಳಲ್ಲಿ ಬುದ್ಧಿ ಪರೀಕ್ಷೆಯನ್ನು ಮೊದಮೊದಲು ಕಂಡ ಭಾಷೆಗಳಲ್ಲಿ ಒಂದು ನಮ್ಮದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಓದುವಿಕೆಯನ್ನು ಅಳೆಯುವ ಸಾಧನಗಳು ರೂಪುಗೊಂಡಿವೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾ ಸರಣಿಯನ್ನು ಇಡೀ ದೇಶವೇ ಬಳಸುತ್ತದೆ. ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ಡಾಲಿ ಎಂಬ ಡಿಸ್ಲೆಕ್ಸಿಯಾ ಪತ್ತೆಹಚ್ಚುವ ಸಾಧನ ಮೊದಲಿಗೆ ಬಂದ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಸಾಧನಗಳು ಬೆಂಗಳೂರು, ಮೈಸೂರುಗಳಲ್ಲಿವೆ. ನಮ್ಮ ತಾಲ್ಲೂಕಿಗೆ ಬಂದದ್ದು ಉಬ್ಬಿದ ನಕ್ಷತ್ರ.

ಕಾಗದದ ಮೇಲಿನ ನಿಯಮಗಳ ವಿಷಯ ಸ್ವಲ್ಪ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಸಾಮರ್ಥ್ಯಗಳನ್ನು ಗುರುತಿಸುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಒಂದು. ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು ಅದರ 16ನೇ ಕಲಮು ಸರ್ಕಾರಕ್ಕೂ ಶಾಲೆಗಳಿಗೂ ಹೊಣೆ ಹೊರಿಸುತ್ತದೆ. 2018ರ ಮಾರ್ಗಸೂಚಿಯಲ್ಲಿ ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಕೊಡುವ ತಂಡದಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಅವರ ಜೊತೆಗೆ ವಿಶೇಷ ಶಿಕ್ಷಕರು ಅಥವಾ "ಮೌಲ್ಯಾಂಕನಕ್ಕೆ ತರಬೇತಿ ಪಡೆದ ಶಿಕ್ಷಕರು" ಇರಬಹುದೆಂಬ ಅರ್ಥದ ಮಾತಿತ್ತು. ತರಬೇತಿ ಯಾರಿಂದ, ಎಷ್ಟು ದಿನ, ಯಾವ ಮಾಪನದಲ್ಲಿ, ಮುಗಿಸಿದವರಿಗೆ ಸಿಗುವ ಪತ್ರ ಯಾವುದು? ಈ ಪ್ರಶ್ನೆಗಳನ್ನು ನಾನು ಕಚೇರಿಯಿಂದ ಕಚೇರಿಗೆ ಕೇಳಿಕೊಂಡು ಬಂದಿದ್ದೇನೆ. 2024ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿದೆ. ನಮ್ಮ ತಾಲ್ಲೂಕಿನವರೆಗೆ ಉತ್ತರ ಇನ್ನೂ ಬಂದಿಲ್ಲ. ಅದೇ 2018ರ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಗುವಿಗೆ ಪ್ರಮಾಣಪತ್ರ ಕೊಟ್ಟು, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷಿಸಿ ಎಂದಿತು. ಪರೀಕ್ಷೆಗೆ ಹೆಸರಿಸಿದ್ದು ನಿಮ್ಹಾನ್ಸ್ ಸರಣಿಯನ್ನು. ಆ ಸರಣಿಯ ಮೇಲಿನ ಹಂತ ರಚನೆಯಾದದ್ದು 8ರಿಂದ 12 ವರ್ಷದವರಿಗೆ. ಹದಿನಾಲ್ಕರ ಹುಡುಗನ ಮುಂದೆ ಅದನ್ನಿಟ್ಟು ಬಂದ ಫಲಿತಾಂಶವನ್ನು ಹೇಗೆ ಓದಬೇಕೆಂದು ತಿಳಿದಿರಬೇಕಾದವರು ಯಾರು? ಮಾಪನವನ್ನು ಬಲ್ಲವರೇ ತಾನೇ.

ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಈ ಕಾಗದದ ತೂಕ ಎಲ್ಲರಿಗೂ ಗೊತ್ತಾಗುತ್ತದೆ. ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಇವೆಲ್ಲ ಒಂದು ಪ್ರಮಾಣಪತ್ರದ ಮೇಲೆ ನಿಂತಿವೆ. ಡಿಸೆಂಬರ್ ಬಂತೆಂದರೆ ತಂದೆ ತಾಯಂದಿರು ನನ್ನ ಬಳಿ ಓಡೋಡಿ ಬರುತ್ತಾರೆ. ಕೈಯಲ್ಲಿ ನಗರದ ಖಾಸಗಿ ಕೇಂದ್ರದಿಂದ ಸಾವಿರಗಟ್ಟಲೆ ಹಣ ಕೊಟ್ಟು ತಂದ ವರದಿ. ಕೆಲವು ವರದಿಗಳು ನಿಜಕ್ಕೂ ಚೆನ್ನಾಗಿರುತ್ತವೆ, ಓದಿದರೆ ನಾಳೆ ಬೆಳಿಗ್ಗೆ ತರಗತಿಯಲ್ಲಿ ಏನು ಮಾಡಬೇಕೆಂದು ತಿಳಿಯುತ್ತದೆ. ಇನ್ನು ಕೆಲವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದೇ ಕೇಂದ್ರದಿಂದ ಬಂದ ಎರಡು ಮಕ್ಕಳ ವರದಿಗಳನ್ನು ನಾನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಹೆಸರು, ಹುಟ್ಟಿದ ದಿನಾಂಕ ಬಿಟ್ಟರೆ ಎರಡೂ ಒಂದೇ. ಎರಡನೆಯದರಲ್ಲಿ ಹುಡುಗಿಯನ್ನು ಮೂರು ಕಡೆ "ಅವನು" ಎಂದೇ ಬರೆದಿದ್ದರು. ಕನ್ನಡ ಮಾಧ್ಯಮದಲ್ಲಿ ಓದುವ ಆ ಹುಡುಗಿಯ ಓದನ್ನು ಇಂಗ್ಲಿಷ್ ಪಠ್ಯದಿಂದ ಅಳೆದಿದ್ದರು.

ಇದು ನಮ್ಮೊಬ್ಬರ ಕಷ್ಟವಲ್ಲ, ಬೇರೆಯವರೂ ಈ ದಾರಿಯಲ್ಲಿ ಮುಗ್ಗರಿಸಿಯೇ ಮುಂದೆ ಹೋಗಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಡಯಾನಾ ಪ್ರಕರಣ ಎಂದು ಹೆಸರಾದ ಮೊಕದ್ದಮೆ ನಡೆಯಿತು. ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಒಂಬತ್ತು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿ ಪರೀಕ್ಷೆ ಮಾಡಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ಎರಡೂ ಭಾಷೆ ಬಲ್ಲವರಿಂದ ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಅವರಲ್ಲಿ ಬಹುಪಾಲು ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ಗೊತ್ತಾಯಿತು. ಆ ಸಾಲುಗಳನ್ನು ಮೊದಲ ಬಾರಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕನ್ನಡಕ್ಕೆ ತಲೆಯಾಡಿಸುತ್ತ ಕುಳಿತಿದ್ದ ತಾಂಡಾದ ಹುಡುಗ ಕಣ್ಣ ಮುಂದೆಯೇ ಇದ್ದ. ಮಗುವಿನ ಸ್ವಂತ ಭಾಷೆಯಲ್ಲೇ ಪರೀಕ್ಷಿಸಬೇಕು, ಒಂದೇ ಪರೀಕ್ಷೆಯ ಮೇಲೆ ತೀರ್ಮಾನಿಸಬಾರದು, ಪರೀಕ್ಷಿಸುವವರು ಆ ಮಾಪನದಲ್ಲಿ ತರಬೇತಾದವರೇ ಆಗಿರಬೇಕು ಎಂಬುದು ಇಂದು ಅಲ್ಲಿನ ವಿಶೇಷ ಶಿಕ್ಷಣ ಕಾನೂನಿನ ಭಾಗ. ಟೆಕ್ಸಾಸ್ ರಾಜ್ಯದಲ್ಲಿ ಎಜುಕೇಷನಲ್ ಡಯಾಗ್ನಾಸ್ಟಿಶಿಯನ್ ಎಂಬುದೇ ಬೇರೆ ವೃತ್ತಿ. ಸ್ನಾತಕೋತ್ತರ ಪದವಿ, ತರಗತಿಯಲ್ಲಿ ಪಾಠ ಮಾಡಿದ ಅನುಭವ, ಅದರ ಮೇಲೆ ರಾಜ್ಯದ ಪರೀಕ್ಷೆ, ಇಷ್ಟೂ ಆದ ಮೇಲೆಯೇ ಪ್ರಮಾಣಪತ್ರ. ಬ್ರಿಟನ್ನಿನಲ್ಲಿ ಕಲಿಕಾ ನ್ಯೂನತೆ ಪತ್ತೆಹಚ್ಚುವ ಶಿಕ್ಷಕರಿಗೆ ಮೌಲ್ಯಾಂಕನ ವೃತ್ತಿ ಪ್ರಮಾಣಪತ್ರವಿದ್ದು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಿಸುವಾಗ ತಾನು ಬರೆದ ವರದಿಯೊಂದನ್ನು ಪರಿಶೀಲನೆಗೆ ಒಪ್ಪಿಸಬೇಕು. ನನಗೆ ಬಹಳ ಹಿಡಿಸಿದ್ದು ಈ ಕೊನೆಯ ಮಾತು. ನಮ್ಮ ನವೀಕರಣಕ್ಕೆ ಬೇಕಾದದ್ದು ಕಾರ್ಯಾಗಾರಗಳಲ್ಲಿ ಕುಳಿತು ಗಳಿಸಿದ ಅಂಕಗಳು, ಐದು ವರ್ಷಕ್ಕೆ ನೂರು. ಹದಿನಾಲ್ಕು ವರ್ಷಗಳಲ್ಲಿ ನಾನು ಬರೆದ ಒಂದೇ ಒಂದು ವರದಿಯನ್ನು ಬಲ್ಲವರೊಬ್ಬರು ಓದಿ ತಪ್ಪು ಒಪ್ಪು ಹೇಳಿದ್ದಿಲ್ಲ.

ಹೊರಗಿನ ವ್ಯವಸ್ಥೆಯನ್ನು ಇದ್ದಂತೆ ಇಲ್ಲಿ ತಂದು ನೆಡಿ ಎಂದು ನಾನು ಕೇಳುತ್ತಿಲ್ಲ. ಪರಿಷತ್ತಿನ ಪಟ್ಟಿಗೆ ಹದಿನೇಳನೆಯ ಬಗೆ ಸೇರಿಸುವುದು ದೆಹಲಿಯ ಕೆಲಸ. ಅದನ್ನು ಪರಿಷತ್ತಿನ ಅಧ್ಯಕ್ಷರು ದಯವಿಟ್ಟು ಕೈಗೆತ್ತಿಕೊಳ್ಳಬೇಕು. ಆದರೆ ಅಲ್ಲಿಯವರೆಗೆ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಆರ್‌ಸಿಐ ನೋಂದಣಿ ಇರುವ ವಿಶೇಷ ಶಿಕ್ಷಕರಲ್ಲಿ ಕೆಲವು ವರ್ಷ ತರಗತಿಯಲ್ಲಿ ದುಡಿದವರನ್ನು ಆರಿಸಿ, ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳ ಜೊತೆಗೂಡಿ ಒಂದು ವರ್ಷದ ತರಬೇತಿ ಕೊಡಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಪುಸ್ತಕದ ಪಾಠ ಅದರಲ್ಲಿ ಕಾಲು ಭಾಗವಿದ್ದರೆ ಸಾಕು. ಉಳಿದದ್ದು ಮಕ್ಕಳ ಜೊತೆ, ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತು ನೋಡುವಾಗ. ಇಪ್ಪತ್ತು ಮಕ್ಕಳ ಮೌಲ್ಯಾಂಕನ ಮಾಡಿ, ಇಪ್ಪತ್ತು ವರದಿ ಬರೆದು, ಅದರಲ್ಲಿ ಐದನ್ನು ಹೆಸರು ಮರೆಮಾಡಿ ಪರಿಶೀಲಕರಿಗೆ ಕಳುಹಿಸಿ, ಅವರು ಒಪ್ಪಿದ ಮೇಲೆ ಅರ್ಹತಾ ಪತ್ರ. ಅದರಲ್ಲಿ ಯಾವ ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಬಲ್ಲರು ಎಂಬುದೂ ದಾಖಲಾಗಲಿ. ಲಂಬಾಣಿ, ಉರ್ದು, ತುಳು, ತೆಲುಗು ಬಲ್ಲ ಶಿಕ್ಷಕರು ನಮ್ಮ ಇಲಾಖೆಯಲ್ಲೇ ಇದ್ದಾರೆ, ಅವರನ್ನು ಮೊದಲು ಕರೆಯಿರಿ. ಪತ್ರ ಜೀವನಪೂರ್ತಿಯದಾಗಬಾರದು. ಮೂರು ವರ್ಷಕ್ಕೊಮ್ಮೆ ಮತ್ತೆ ವರದಿ ತೋರಿಸಬೇಕು, ಸೋತವರು ಮತ್ತೆ ಕಲಿಯಬೇಕು. ಖಾಸಗಿ ಕೇಂದ್ರಗಳ ವರದಿಯ ಕೊನೆಗೂ ಈ ಪತ್ರದ ಸಂಖ್ಯೆ ಇರಲೇಬೇಕು ಎಂದು ಆದೇಶವಾದರೆ ನಕಲು ವರದಿಗಳ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮನಶ್ಶಾಸ್ತ್ರಜ್ಞ ಮಿತ್ರರು ಇದಕ್ಕೆ ಆಕ್ಷೇಪ ಎತ್ತಬಹುದು. ಅವರ ಮಾತಿನಲ್ಲಿ ಹುರುಳಿದೆ. ಬುದ್ಧಿಮಟ್ಟದ ಪರೀಕ್ಷೆ ಅವರ ವಿದ್ಯೆ, ಅದು ಅವರಲ್ಲೇ ಇರಲಿ. ಅದನ್ನು ನಮ್ಮಂಥವರ ಕೈಗೆ ಕೊಟ್ಟದ್ದೇ ನಾನು ಹೇಳಿದ ತಪ್ಪಿನ ಮೂಲ. ಆದರೆ ವೈದ್ಯಕೀಯ ಪ್ರಮಾಣಪತ್ರ ಬೇರೆ, ಶೈಕ್ಷಣಿಕ ಮೌಲ್ಯಾಂಕನ ಬೇರೆ. ಮಗು ಯಾವ ಅಕ್ಷರದಲ್ಲಿ ನಿಂತಿದೆ, ಕೂಡುವಾಗ ಕೈಲಿ ದಶಕ ಹಿಡಿಯುವುದು ಬರುತ್ತದೆಯೇ, ಹೇಳಿದರೆ ತಿಳಿಯುತ್ತದೆಯೋ ತೋರಿಸಿದರೆ ತಿಳಿಯುತ್ತದೆಯೋ, ನಾಳೆ ಯಾವ ಪಾಠದಿಂದ ಶುರುಮಾಡಬೇಕು, ಇದನ್ನು ಕಂಡುಕೊಂಡು ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು ಶಿಕ್ಷಕರ ವಿದ್ಯೆ. ಈ ಎರಡರ ನಡುವಿನ ಗೆರೆಯನ್ನು ಅರ್ಹತಾ ಪತ್ರವೇ ಸ್ಪಷ್ಟವಾಗಿ ಎಳೆಯಲಿ. ಯಾವುದು ನನ್ನ ಕೆಲಸವಲ್ಲ ಎಂದು ಹೇಳುವ ಕಾಗದವೊಂದು ಆ ಜುಲೈಯಲ್ಲಿ ನನ್ನ ಕೈಯಲ್ಲಿದ್ದಿದ್ದರೆ, ಪೆಟ್ಟಿಗೆಯನ್ನು ಮುಚ್ಚಿಟ್ಟು, ಮನಶ್ಶಾಸ್ತ್ರಜ್ಞರು ಬಂದ ದಿನ ಮತ್ತೆ ಕರೆಸಿ ಎನ್ನುವ ಧೈರ್ಯ ನನಗೆ ಬರುತ್ತಿತ್ತು.

ಜನವೇ ಇಲ್ಲದಿರುವಾಗ ಇನ್ನೊಂದು ಅರ್ಹತೆ ಕೇಳಿದರೆ ಇರುವ ಕೆಲಸವೂ ನಿಲ್ಲುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಕೊರತೆ ನಿಜ. ಆದರೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಹೇಳಿದೆ. ಇವತ್ತಲ್ಲ ನಾಳೆ ಆ ಹುದ್ದೆಗಳನ್ನು ತುಂಬಲೇಬೇಕು. ತುಂಬುವಾಗಲೇ ತಾಲ್ಲೂಕಿಗೆ ಇಬ್ಬರನ್ನು ಮೌಲ್ಯಾಂಕನಕ್ಕೆಂದು ಗುರುತಿಸಿ ತರಬೇತಿಗೆ ಕಳುಹಿಸಿದರೆ ಹೊರೆ ಎಷ್ಟಾದೀತು? ಈಗಿರುವ ನಮ್ಮನ್ನು ಹೊರಗೆ ಹಾಕಿ ಎಂದೂ ನಾನು ಹೇಳುತ್ತಿಲ್ಲ. ಮೂರು ವರ್ಷ ಕಾಲಾವಕಾಶ ಕೊಡಿ. ಮೊದಲ ತಂಡದಲ್ಲಿ ನನ್ನ ಹೆಸರು ಬರೆದುಕೊಳ್ಳಿ. ವಯಸ್ಸು ಐವತ್ತರ ಹತ್ತಿರವಿದ್ದರೂ ಪರೀಕ್ಷೆಗೆ ಕೂರಲು ನಾನು ಸಿದ್ಧಳಿದ್ದೇನೆ.

ಈ ಪತ್ರ ಓದುವ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ನಿಮ್ಮ ಮಗುವಿನ ವರದಿ ಕೈಗೆ ಬಂದಾಗ ಅಂಕ ನೋಡುವ ಮೊದಲು ಕೇಳಿ: ಕಿವಿ ಕಣ್ಣು ಪರೀಕ್ಷೆ ಮೊದಲು ಆಯಿತೇ? ಯಾವ ಭಾಷೆಯಲ್ಲಿ ಮಾತನಾಡಿಸಿದಿರಿ? ಎಷ್ಟು ಹೊತ್ತು ಕುಳಿತಿರಿ? ಕೇಳುವುದು ಉದ್ಧಟತನವಲ್ಲ. ನಮ್ಮ ಹುಡುಗನ ತಾಯಿ ಕೇಳಿದ್ದಳು, ಅವಳದೇ ರೀತಿಯಲ್ಲಿ. ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಡಂ, ಕುರಿ ಎಣಿಸುವುದರಲ್ಲಿ ಇವನು ಎಂದೂ ತಪ್ಪುವುದಿಲ್ಲ" ಎಂದಳು. ನಾನು ಮುಂದಿನ ಹೆಸರು ಕೂಗಿದೆ.

ಸಚಿವರೇ, ತರಬೇತಿ, ಆಯ್ಕೆ, ಆದೇಶ ಇವಕ್ಕೆಲ್ಲ ಸಮಯ ಹಿಡಿಯುತ್ತದೆ ಎಂಬುದನ್ನು ಬಲ್ಲೆ. ಶಿಬಿರಗಳು ಮಾತ್ರ ಕಾಯುವುದಿಲ್ಲ. ಆದ್ದರಿಂದ ಮೊದಲಿಗೆ ಒಂದು ಪುಟದ ಸುತ್ತೋಲೆ ಹೊರಡಿಸಿ. ಶ್ರವಣ ಮತ್ತು ದೃಷ್ಟಿ ಪರೀಕ್ಷೆಯ ಚೀಟಿ ಕೈಯಲ್ಲಿಲ್ಲದ ಯಾವ ಮಗುವನ್ನೂ ಬುದ್ಧಿಯ ಕೊಠಡಿಗೆ ಕಳುಹಿಸಬಾರದು. ಮನೆಮಾತು ಯಾವುದೆಂಬ ಕಾಲಂ ಫಾರಂನಲ್ಲಿ ಖಾಲಿ ಇದ್ದರೆ ಸಹಿ ಬೀಳಬಾರದು. ಪರೀಕ್ಷೆ ಮಾಡಿದವರು ತಮ್ಮ ಹೆಸರು, ಅರ್ಹತೆ, ಹಿಡಿದ ಸಮಯ ಬರೆದು ತಾವೇ ಸಹಿ ಹಾಕಬೇಕು, ಇನ್ನೊಬ್ಬರ ಸಹಿಯ ಹಿಂದೆ ಅಡಗಬಾರದು. ಪರೀಕ್ಷಾ ಸಾಮಗ್ರಿ ಸರಿಯಿದೆಯೆಂದು ಶಿಬಿರದ ಬೆಳಿಗ್ಗೆ ಒಬ್ಬರು ನೋಡಿ ದಾಖಲಿಸಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮಳೆ ಶುರುವಾಗಿದೆ. ನಮ್ಮ ತಾಲ್ಲೂಕಿನ ಈ ಸಲದ ಶಿಬಿರಕ್ಕೆ ಮಕ್ಕಳ ಪಟ್ಟಿ ತಯಾರಾಗುತ್ತಿದೆ, ಪೆಟ್ಟಿಗೆ ನನ್ನ ಕಚೇರಿಯ ಬೀರುವಿನಲ್ಲಿದೆ. ಹತ್ತೂ ತುಂಡುಗಳನ್ನು ನಿನ್ನೆ ಒಂದೊಂದಾಗಿ ಇಟ್ಟು ನೋಡಿದ್ದೇನೆ. ನಿಮ್ಮ ಸುತ್ತೋಲೆಗೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಶೇಷ ಶಿಕ್ಷಕಿ